ಮೂರನೆಯ ಜಾಗ

ಅವರ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ, ಬಹಳ ವರ್ಷ ತೊಟ್ಟಿದ್ದ ಉಂಗುರವನ್ನು ತೆಗೆದ ಹಾಗೆ ಒಂದು ಗೆರೆ ಇತ್ತು. ಅಲ್ಲಿ ಮಾತ್ರ ಚರ್ಮ ಬೆಳ್ಳಗೆ, ನಯವಾಗಿ ಹೊಳೆಯುತ್ತಿತ್ತು. ಗಾಳದ ದಾರವನ್ನು ಆ ಬೆರಳಿಗೆ ಸುತ್ತಿಕೊಂಡು, ಕೆರೆ ಏರಿಯ ಮೇಲೆ ಟವೆಲ್ಲು ಹಾಸಿ ಮಧ್ಯಾಹ್ನವೆಲ್ಲ ಮಲಗುತ್ತಿದ್ದುದರ ಗುರುತು ಅದು. ಮೀನು ಕಚ್ಚಿದರೆ ಬೆರಳನ್ನು ಎಳೆಯುತ್ತದೆ, ಎಚ್ಚರವಾಗುತ್ತದೆ. "ಗಾಳ ಹಾಕೋನಿಗೆ ಗಡಿಯಾರ ಇರಬಾರ್ದು ಕಣಮ್ಮಣ್ಣಿ, ಒಂದು ಬೆರಳಿದ್ರೆ ಸಾಕು" ಎನ್ನುತ್ತಿದ್ದರು.

ಮುನಿಸ್ವಾಮಪ್ಪ ನಮ್ಮ ಬಾಡಿಗೆ ಮನೆಯ ಮಾಲೀಕರು. ಗರುಡಾಚಾರ್‌ಪಾಳ್ಯದಲ್ಲಿ ಒಂದೇ ಸಾಲಿನಲ್ಲಿ ಆರು ಕೋಣೆಗಳು, ತುದಿಯಲ್ಲಿ ಅವರ ಮನೆ, ಅದರ ಮೇಲೆ ವಿಶಾಲವಾದ ತಾರಸಿ. ಅವರ ರಾಗಿ ಹೊಲಗಳೆಲ್ಲ ಕಾರ್ಖಾನೆಗಳ ಶೆಡ್ಡುಗಳಾಗಿದ್ದವು. ಅಂಥ ಒಂದು ಶೆಡ್ಡಿನ ಗೇಟಿನಲ್ಲಿ ನಮ್ಮಪ್ಪ ಕಾವಲುಗಾರ. ಸೇಡಂ ಕಡೆಯಿಂದ ಬಂದ ನಾವು ಮೂರನೆಯ ಕೋಣೆಯಲ್ಲಿದ್ದೆವು. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದೆ. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಕಾಕಾ ಎಂದು ಕರೆದರೆ, "ನೋಡು ಜಯಮ್ಮ, ಕಾಗೆ ಬಂತು, ಅನ್ನ ಇಡು" ಎಂದು ಹೆಂಡತಿಯನ್ನು ಕೂಗುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಅದನ್ನು ಅವರು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬಾಡಿಗೆಗೆ ಮನೆ ಕೇಳಿ ಬಂದವರನ್ನು ಮೊದಲು ಕೇಳುತ್ತಿದ್ದದ್ದು, "ಮಕ್ಕಳಿದಾವಾ?" ಎಂದೇ. ಇದ್ದರೆ ಮಾತ್ರ ಮನೆ.

ನಾನು ಹೆಚ್ಚು ಮಾತಾಡುವವಳಲ್ಲ. ಅದು ಅವರಿಗೆ ಹಿಡಿಸಿತ್ತು. "ಮೀನು ಬಾಯಿ ಬಿಟ್ಟಿದ್ದಕ್ಕೇ ಸಿಕ್ಕಾಕ್ಕೊಳ್ಳೋದು. ನೀನು ಗಾಳಕ್ಕೆ ಹುಟ್ಟಿದೋಳು ಅಮ್ಮಣ್ಣಿ, ಸದ್ದೇ ಇಲ್ಲ" ಎಂದು ಎಲ್ಲರೆದುರಿಗೆ ಹೇಳುತ್ತಿದ್ದರು. ಯಾವ ಪ್ರಾಧ್ಯಾಪಕರ ಮೆಚ್ಚುಗೆಯೂ ನನ್ನನ್ನು ಅಷ್ಟು ಹಿಗ್ಗಿಸಿದ್ದಿಲ್ಲ.

ಅವರು ಗಾಳ ಹಾಕುತ್ತಿದ್ದ ಕೆರೆಗೆ ಕೊಳಚೆ ನೀರು ಸೇರಿ, ಒಂದು ಬೇಸಿಗೆಯಲ್ಲಿ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ಮೂರು ದಿನ ಅವರು ಏರಿಯ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ದಿನ, ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದ ನನ್ನನ್ನು ಕರೆದು, "ಅಮ್ಮಣ್ಣಿ, ಮಲ್ಪೆ ಅನ್ನೋದು ಎಷ್ಟು ದೂರ?" ಎಂದರು.

"ಉಡುಪಿ ಹತ್ರ ಕಾಕಾ. ಒಂದು ರಾತ್ರಿ ಬಸ್ಸಿನ ದಾರಿ."

"ಇನ್ನು ಸಮುದ್ರಾನೇ ಸರಿ. ಅದನ್ನ ಯಾವನೂ ಸೈಟ್ ಮಾಡಕ್ಕಾಗಲ್ಲ."

ಸಮುದ್ರವನ್ನು ಅವರು ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ.

ಶಿವಾಜಿನಗರದ ಬಾಷಾ ಸಾಬರು ಅವರ ಹಳೆಯ ಗೆಳೆಯರು. ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಗಾಳದ ಕೊಕ್ಕೆ, ನೈಲಾನು ದಾರ ಮಾರುವ ಅಂಗಡಿ ಅವರದು. ಮಳೆಗಾಲ ಮುಗಿಯುವ ಹೊತ್ತಿಗೆ ಮಲ್ಪೆಯ ದಯಾನಂದ ಎಂಬುವವರ ವಿಳಾಸ ತಂದುಕೊಟ್ಟವರು ಅವರೇ. ದಯಾನಂದರದ್ದು ಎಂಜಿನ್ ಕೂಡಿಸಿದ ಚಿಕ್ಕ ದೋಣಿ. ಒಂದು ದಿನದ ಮಟ್ಟಿಗೆ ಬಾಡಿಗೆಗೆ ಗೊತ್ತು ಮಾಡಿಕೊಂಡರೆ, ದಡ ಕಾಣದಷ್ಟು ಒಳಗೆ ಕರೆದುಕೊಂಡು ಹೋಗಿ ಗಾಳ ಹಾಕಿಸುತ್ತಾರೆ. ಮುನಿಸ್ವಾಮಪ್ಪ ತಮ್ಮ ಅಕ್ಷರ ಕೋಳಿ ಕೆದರಿದಂತೆ ಇದೆಯೆಂದು ಪತ್ರ ಬರೆಯುವ ಕೆಲಸವನ್ನು ನನಗೆ ವಹಿಸಿದರು. ಅವರು ಹೇಳಬೇಕು, ನಾನು ಬರೆಯಬೇಕು, ಕೆಳಗೆ ಅವರು ಸಹಿ ಹಾಕಬೇಕು. ದೋಣಿಯ ಉದ್ದಗಲ ಎಷ್ಟು, ಎಷ್ಟು ಜನ ಹಿಡಿಸುತ್ತಾರೆ, ಯಾವ ತಿಂಗಳಲ್ಲಿ ನೀರು ಶಾಂತ, ಅಲ್ಲಿಯ ಮೀನು ರಾಗಿ ತಿನ್ನುತ್ತದೆಯೇ. ಹತ್ತು ದಿನಕ್ಕೆ ಉತ್ತರ ಬಂತು. ಉದ್ದ ಇಪ್ಪತ್ತೆರಡು ಅಡಿ, ಅಗಲ ಆರು. ದೋಣಿ ಬಿಡುವ ನನ್ನನ್ನು ಬಿಟ್ಟು ಮೂರೇ ಜನ. ಜನವರಿ ಕಳೆದ ಮೇಲೆ ಬನ್ನಿ. ಇಲ್ಲಿಯ ಮೀನು ರಾಗಿ ತಿನ್ನುವುದಿಲ್ಲ, ಗಾಳಕ್ಕೆ ಸಿಕ್ಕಿಸಲು ಬೂತಾಯಿ ಮೀನಿನ ತುಂಡು ಇಲ್ಲಿಯೇ ಸಿಗುತ್ತದೆ.

ಕೊನೆಯ ಸಾಲನ್ನು ಮುನಿಸ್ವಾಮಪ್ಪ ನಂಬಲಿಲ್ಲ. ರಾಗಿಹಿಟ್ಟಿಗೆ ಕಡಲೆಕಾಯಿ ಹಿಂಡಿ, ಚೂರು ಇಂಗು ಸೇರಿಸಿ ಅವರು ಕಟ್ಟುತ್ತಿದ್ದ ಉಂಡೆಗೆ ಸೋಲದ ಮೀನು ಸುತ್ತ ಹತ್ತೂರ ಕೆರೆಗಳಲ್ಲಿ ಇರಲಿಲ್ಲ.

"ಅರೆ ಮುನಿಸಾಮಿ ಭಾಯ್, ಸಮುಂದರ್ ಮೀನಿಗೆ ರಾಗಿ ಮುದ್ದೆ ಕೊಡ್ತೀರಾ?" ಎಂದು ಬಾಷಾ ಸಾಬರು ನಕ್ಕರು. "ಅದಕ್ಕೇನ್ ಶುಗರ್ ಬಂದೈತಾ?"

"ತಿಂದು ನೋಡಿಲ್ಲ ಸಾಬ್ರೆ ಅವು. ತಿಂದ್ರೆ ಬಿಡಲ್ಲ."

ಪತ್ರ ಬಂದ ನಂತರದ ಮೊದಲ ಭಾನುವಾರ ಅವರು ತಾರಸಿಯ ಮೇಲೆ ಸುಣ್ಣದಲ್ಲಿ ಒಂದು ದೋಣಿ ಬರೆದರು. ಚಿತ್ರವಲ್ಲ, ಅಳತೆಗೆ ಸರಿಯಾದ ದೋಣಿ. ನಾನು ಟೇಪು ಹಿಡಿದೆ. ಅಗಲ ಎರಡು ಅಂಗುಲ ಜಾಸ್ತಿಯಾಯಿತೆಂದು ಒಂದು ಪಕ್ಕವನ್ನು ಅಳಿಸಿ ಮತ್ತೆ ಬರೆದರು. ಕೆರೆಯಂಚಿನಲ್ಲಿ ಕೂತು ಹಿಡಿದವರು ದೋಣಿಯಲ್ಲಿ ಹೇಗೆ ಕೂರಬೇಕೆಂದು ಕಲಿಯದೆ ನೀರಿಗೆ ಇಳಿಯಬಾರದು ಎಂಬುದು ಅವರ ಪಟ್ಟು. ಮುಂದೆ ಬಾಷಾ ಸಾಬರು, ನಡುವೆ ಅವರು. ಎಂಜಿನ್ ಇರುವ ಕಡೆ ದಯಾನಂದರ ಬದಲಿಗೆ ಒಂದು ಸಿಮೆಂಟು ಇಟ್ಟಿಗೆ. "ದಯಾನಂದ, ಒಸಿ ಎಡಕ್ಕೆ ತಿರುಗ್ಸಪ್ಪಾ" ಎಂದು ಆ ಇಟ್ಟಿಗೆಗೆ ಹೇಳುವಾಗ ಅವರ ಮುಖದಲ್ಲಿ ತಮಾಷೆಯ ಸುಳಿವೇ ಇರುತ್ತಿರಲಿಲ್ಲ. ಮೂರನೆಯವರಾಗಿ ಬರಬೇಕಿದ್ದ ಗೆಳೆಯರೊಬ್ಬರು ಮೊಣಕಾಲು ನೋವೆಂದು ಹಿಂದೆ ಸರಿದಿದ್ದರು. ಬರೆದುಕೊಳ್ಳಲು ನಿಂತಿದ್ದ ನನ್ನನ್ನು ಕರೆದು, "ಬಾ ಅಮ್ಮಣ್ಣಿ, ಹಿಂದೆ ಕೂತ್ಕೋ. ಭಾರ ಸರಿ ಹೋಗ್ಬೇಕಲ್ಲ" ಎಂದರು.

ಹಾಗೆ ನಾನು ಮೂರನೆಯ ಜಾಗದಲ್ಲಿ ಕೂತೆ. ಆ ಮಾತನ್ನು ನಾನು ಮಲ್ಪೆಗೆ ಬರಲು ಕೊಟ್ಟ ಕರೆ ಎಂದೇ ತಿಳಿದುಕೊಂಡೆ.

ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಅಭ್ಯಾಸ. ಒಮ್ಮೆ ಒಳಗೆ ಬಂದರೆ ಸುಣ್ಣದ ಗೆರೆ ದಾಟುವಂತಿಲ್ಲ. ಎದ್ದು ನಿಲ್ಲುವಂತಿಲ್ಲ, ತೆವಳಬೇಕು. ಪಕ್ಕದವರ ಕಿವಿಗೆ ಕೊಕ್ಕೆ ಸಿಗದಂತೆ ದಾರ ಎಸೆಯಬೇಕು. ಒಂದು ಸಲ ನನ್ನ ಕಾಲು ಜೋಮು ಹಿಡಿದು, ಗೆರೆಯಾಚೆ ಚಾಚಿದೆ. "ಕಾಲು ಹೋಯ್ತು. ಶಾರ್ಕ್ ತಿಂತು" ಎಂದವರು, ಮುಂದಿನ ಅರ್ಧ ಗಂಟೆ ಆ ಕಾಲನ್ನು ಅಲ್ಲಾಡಿಸದೆ ಕೂರಿಸಿದರು. ನಾನು ಕೂತೆ. ಪಕ್ಕದ ಕಟ್ಟಡದ ಮೇಲೆ ಬಟ್ಟೆ ಒಣಗಿಸುವವರು ನಿಂತು ನೋಡಿ ನಗುತ್ತಿದ್ದರು. ನನಗೆ ನಾಚಿಕೆಯಾಗಲಿಲ್ಲ, ಅದೇ ಒಂದು ಆಶ್ಚರ್ಯ.

ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಅವ್ವ ಬೆರಗಾಗಿ, "ಮೀನ ತಿನ್ನಂಗಿಲ್ಲ, ಮೂಸಂಗಿಲ್ಲ. ಹಿಡಿಯಾಕ ನಿನಗೇನ್ ಬಂದದ?" ಎಂದಳು. ಅಪ್ಪನ ಹತ್ತಿರ ಮಾತ್ರ, ಒಂದು ಸಂಜೆ ಅವರು ಪಾಳಿಗೆ ಹೊರಡುವ ಮೊದಲು, ಮಲ್ಪೆಗೆ ಹೋಗಲೇ ಎಂದು ಕೇಳಿದೆ. ನಾಲ್ಕನೆಯ ದಿನ ಬೂಟು ಹಾಕಿಕೊಳ್ಳುತ್ತ, "ಹೋಗಿ ಬಾ. ಸಮುದ್ರ ಹ್ಯಾಂಗ ಇರ್ತದ, ನನಗೂ ಬಂದು ಹೇಳು" ಎಂದರು. ಆ ಒಪ್ಪಿಗೆಯನ್ನು ನಾನು ಯಾರಿಗೂ ಹೇಳದೆ ಇಟ್ಟುಕೊಂಡೆ. ಹೊರಡುವ ದಿನ ಗೊತ್ತಾದಾಗ, ಅವರು ಕೇಳಿದಾಗ, ಹೇಳಿದರಾಯಿತು.

ಡಿಸೆಂಬರಿನಲ್ಲಿ ಪದ್ಮ ಬಂದಳು. ಮುನಿಸ್ವಾಮಪ್ಪನವರ ತಂಗಿಯ ಮಗಳು, ಕೆ.ಆರ್. ಪುರದವಳು, ನನಗಿಂತ ಎರಡು ವರ್ಷ ಚಿಕ್ಕವಳು. ಹತ್ತಿರದ ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿತೆಂದು ಮಾಮನ ಮನೆಯಲ್ಲಿ ಉಳಿಯಲು ಬಂದಿದ್ದಳು. ಮೊದಲ ಭಾನುವಾರವೇ ಕಾಫಿ ಲೋಟ ಹಿಡಿದು ತಾರಸಿಗೆ ಬಂದವಳು, ಯಾರನ್ನೂ ಕೇಳದೆ ಗೆರೆ ದಾಟಿ ನನ್ನ ಪಕ್ಕ ಕೂತಳು.

"ಏನ್ ಮಾಮ ಇದು, ನೀರೇ ಇಲ್ದೆ ಈಜ್ತಾ ಇದೀರಾ?"

"ಏಯ್, ಕೂತ್ಕೊಂಡೇ ಮಾತಾಡು, ದೋಣಿ ಮಗುಚ್ತದೆ."

ಅವಳು ಎದ್ದು ನಿಂತಳು. ಗೆರೆಯಾಚೆಗೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನಡುಸಮುದ್ರದ ಮೇಲೆ ನಡೆದುಕೊಂಡು ಹೋಗಿ ಲೋಟವನ್ನು ಕಟ್ಟೆಯ ಮೇಲಿಟ್ಟು, ಹಾಗೆಯೇ ತಿರುಗಿ ಬಂದಳು. ಮುನಿಸ್ವಾಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡ್ರೀ ಸಾಬ್ರೆ, ನಮ್ಮ ಹುಡುಗೀನ! ಸಮುದ್ರದ ಮೇಲೇ ವಾಕಿಂಗು!" ಅವರು ಹಾಗೆ ನಗುವುದನ್ನು ನಾನು ಕೇಳಿರಲಿಲ್ಲ. ನನ್ನ ಎಡಗಾಲು ಎಂದಿನಂತೆ ಜೋಮು ಹಿಡಿದಿತ್ತು, ಗೆರೆಯ ಒಳಗೇ ಇತ್ತು.

ದಾರಕ್ಕೆ ಕೊಕ್ಕೆ ಕಟ್ಟುವ ಒಂದು ಗಂಟಿದೆ. ನೆನೆದಷ್ಟೂ ಬಿಗಿಯಾಗುವ ಗಂಟು. ನನಗೆ ಅದನ್ನು ಕಲಿಸಲು ಎರಡು ತಿಂಗಳು ಕಾಯಿಸಿದ್ದರು. ಪದ್ಮಳಿಗೆ ಅಂದೇ, ಅವಳ ಬೆರಳುಗಳನ್ನು ತಮ್ಮ ಬೆರಳಿನಿಂದ ಹಿಡಿದು ಕಲಿಸಿದರು. ಅವಳು ತಪ್ಪು ಕಟ್ಟಿದಳು. "ಪರವಾಗಿಲ್ಲ ಬಿಡು, ನಾನ್ ಕಟ್ಕೊಡ್ತೀನಿ" ಎಂದರು. ನನ್ನ ಗಂಟು ಸರಿಯಾಗಿರುತ್ತಿತ್ತು. ಸರಿಯಾಗಿದ್ದದ್ದಕ್ಕೆ ಯಾರೂ ಕೈ ಹಿಡಿಯುವುದಿಲ್ಲ.

ನೋಟುಪುಸ್ತಕದ ಹಿಂದಿನ ಪುಟದಲ್ಲಿ ನಾನು ಗೀಟು ಹಾಕತೊಡಗಿದೆ. ಒಂದು ಬೆಳಿಗ್ಗೆ ಅವರ ಬಾಯಲ್ಲಿ 'ಪದ್ಮ' ಮೂವತ್ತೊಂದು ಸಲ, 'ಅಮ್ಮಣ್ಣಿ' ಒಂಬತ್ತು ಸಲ. ಒಂಬತ್ತರಲ್ಲಿ ಏಳು, 'ಬರ್ಕೋ ಅಮ್ಮಣ್ಣಿ'. ಬರೆದುಕೊಳ್ಳುವುದೇನು ಕಡಿಮೆಯಿರಲಿಲ್ಲ: ಸೀಸದ ಗುಂಡು, ಟೋಪಿ, ಉಪ್ಪಿನಕಾಯಿ, ಐಸ್ ಡಬ್ಬ, ರಾಗಿಹಿಟ್ಟು ಎರಡು ಸೇರು. ನಾನು ಕಾಲೇಜಿನ ಗ್ರಂಥಾಲಯದಿಂದ ಉಬ್ಬರ ಇಳಿತದ ಸಮಯಗಳನ್ನು ಹುಡುಕಿ, ಪ್ರತಿ ದಿನದ್ದನ್ನೂ ಒಂದು ಕೋಷ್ಟಕ ಮಾಡಿ ಕೊಟ್ಟಿದ್ದೆ. ಪದ್ಮ ಅದನ್ನು ತಲೆಕೆಳಗಾಗಿ ಹಿಡಿದು, "ಇದೇನಕ್ಕಾ, ಬಸ್ ಟೈಮಿಂಗಾ?" ಎಂದಳು. ಅವರು ಅದಕ್ಕೂ ನಕ್ಕರು.

ಜನವರಿಯ ಕೊನೆಯಲ್ಲಿ ನೀರಿನ ಮೇಲೆ ಒಂದು ಪರೀಕ್ಷೆಯಾಗಲಿ ಎಂದು ನಮ್ಮಿಬ್ಬರನ್ನೂ ಹಲಸೂರು ಕೆರೆಗೆ ಕರೆದುಕೊಂಡು ಹೋದರು. ಅಲ್ಲಿಯ ಬಾಡಿಗೆ ದೋಣಿ ಕೆರೆಯ ನಡುವೆ ಹೋದ ಮೇಲೆ, ಎರಡೂ ಅಂಚು ಹಿಡಿದು ಬೇಕೆಂದೇ ತೂಗಾಡಿಸಿದರು. ಹುಟ್ಟು ಹಾಕುವವನು, "ಯೋವ್ ಪೆರಿಯವ್ರೇ, ಸುಮ್ನಿರ್ರೀ, ಮುಳುಗಿಸ್ತೀರಾ?" ಎಂದು ತಮಿಳು ಬೆರೆಸಿ ಬೈದ. ನನಗೆ ಏನೂ ಆಗಲಿಲ್ಲ. ದಡಕ್ಕೆ ಬಂದು ಅವರು ಕಡಲೆಕಾಯಿ ತರಲು ಹೋದಾಗ, ಪದ್ಮ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ, ಮರದ ಹಿಂದೆ ವಾಂತಿ ಮಾಡಿಕೊಂಡಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ, ಮಾಮಂಗೆ ಹೇಳ್ಬೇಡಿ ಅಕ್ಕಾ. ಹೇಳಿದ್ರೆ ಕರ್ಕೊಂಡು ಹೋಗಲ್ಲ."

"ಹೇಳಲ್ಲ" ಎಂದೆ. ನೀರಿನ ಬಾಟಲಿ ಕೊಟ್ಟೆ. ಮಲ್ಪೆಗೆ ಹೋಗುವವಳು ಅವಳು, ನಾನಲ್ಲ ಎಂಬುದು ನನಗೆ ತಿಳಿದದ್ದು ಆ ಕ್ಷಣದಲ್ಲಿ.

ಆರು ದಿನ ಮಾತು ಉಳಿಸಿಕೊಂಡೆ. ಏಳನೆಯ ದಿನ, ಅವರು ಜಗಲಿಯಲ್ಲಿ ಕೂತು ಕೊಕ್ಕೆಗಳನ್ನು ಉಜ್ಜುತ್ತಿದ್ದಾಗ ಪಟ್ಟಿಯನ್ನು ಓದಿಹೇಳಲು ಹೋದೆ. ಓದಿ ಮುಗಿಸಿ, ಒಂದು ಮಾಹಿತಿ ಕೊಡುವವಳ ಧ್ವನಿಯಲ್ಲಿ ಹೇಳಿದೆ: "ಕಾಕಾ, ಅವತ್ತು ಹಲಸೂರಲ್ಲಿ ಪದ್ಮ ವಾಂತಿ ಮಾಡ್ಕೊಂಡ್ಳು. ಕೆರೆಯಲ್ಲೇ ಹಾಗಾದ್ರೆ ಸಮುದ್ರ ಕಷ್ಟ. ನಿಮಗೆ ಗೊತ್ತಿರ್ಲಿ ಅಂತ."

ಅವರ ಕೈ ನಿಂತಿತು. ನನ್ನನ್ನೇ ನೋಡಿದರು. ನಾನು ನನ್ನ ಜಾಗಕ್ಕಾಗಿ ಕಾಯುತ್ತ ನಿಂತಿದ್ದೆ.

"ಹೌದಾ?" ಎಂದರು. "ಪಾಪ. ಹಂಗಾದ್ರೆ ನಿಂಬೆಹಣ್ಣು ಜಾಸ್ತಿ ಬೇಕು. ಒಂದು ಡಜನ್. ಬರ್ಕೋ ಅಮ್ಮಣ್ಣಿ."

ಬರೆದುಕೊಂಡೆ. ಐಸ್ ಡಬ್ಬದ ಕೆಳಗೆ, ನನ್ನದೇ ದುಂಡು ಅಕ್ಷರದಲ್ಲಿ: ನಿಂಬೆಹಣ್ಣು, ೧೨.

ಫೆಬ್ರವರಿಯ ಒಂದು ಸಂಜೆ ಮೂವರೂ ಹೊರಟರು. ಪದ್ಮ ಹೊಸ ಟೋಪಿ ಹಾಕಿಕೊಂಡು ಆಟೋದಿಂದ ನನಗೆ ಕೈ ಬೀಸಿದಳು. ನಾನು ಐಸ್ ಡಬ್ಬವನ್ನು ಎತ್ತಿ ಆಟೋದ ಒಳಗಿಟ್ಟೆ. ಎರಡು ದಿನ ತಾರಸಿಗೆ ಹೋಗಲಿಲ್ಲ.

ಡಬ್ಬದ ತುಂಬ ಮೀನು ತಂದರು. ಹಂಚುವಾಗ ಮುನಿಸ್ವಾಮಪ್ಪ, "ಎಲ್ಲಾ ಬಾಷಾ ಸಾಬ್ರು ಹಿಡ್ದಿದ್ದು" ಎಂದಷ್ಟೇ ಹೇಳಿದರು. ರಾಗಿ ಉಂಡೆಯ ವಿಷಯ ಎತ್ತಲಿಲ್ಲ. ನಮ್ಮ ಬಾಗಿಲಿಗೆ ಮಾತ್ರ ಮೀನಿನ ಬದಲಿಗೆ ಒಂದು ಗೋಣಿಚೀಲದಲ್ಲಿ ಎಳನೀರು ಬಂತು. ಅದನ್ನು ಇಳಿಸಿ, ನಡುವನ್ನು ನೆಟ್ಟಗೆ ಮಾಡಿಕೊಳ್ಳುತ್ತ, "ನೋಡ್ಬೇಕು ಅಮ್ಮಣ್ಣಿ ನೀನು. ಎಲ್ಲಿ ನೋಡಿದ್ರೂ ಏರೀನೇ ಇಲ್ಲ ಅದಕ್ಕೆ" ಎಂದರು.

"ನಾನೂ ಬರ್ಬೇಕು ಅಂತಿದ್ದೆ" ಎಂದೆ. ಅಂದುಬಿಟ್ಟ ಮೇಲೆ ನನಗೇ ಗಾಬರಿಯಾಯಿತು.

ಅವರು ನಿಜವಾಗಿ ಬೆರಗಾದರು. "ನೀನಾ? ಮೀನು ಮುಟ್ಟದ ಮನೆಯೋಳು! ನಿಮ್ಮಪ್ಪ ಬಿಡ್ತಿದ್ರಾ?"

"ಬಿಟ್ಟಿದ್ರು. ನವೆಂಬರಲ್ಲೇ."

"ಅಂಗಂತ ಒಂದು ಮಾತು ಅನ್ನಬಾರ್ದಾ? ಐದು ತಿಂಗಳು ಪಕ್ಕದಲ್ಲೇ ಕೂತಿದ್ದೆಯಲ್ಲೇ!" ಅವರು ನನ್ನನ್ನು ಹಾಗೆ ಸಲಿಗೆಯಿಂದ, 'ಕೂತಿದ್ದೆಯಲ್ಲೇ' ಎಂದು ಬೈದದ್ದು ಅದೊಂದೇ ಸಲ. "ಆ ಹುಡುಗಿ ದಿನಾ ಪ್ರಾಣ ತಿಂದ್ಳು, ಮಾಮ ನಾನೂ ಬರ್ತೀನಿ, ಮಾಮ ನಾನೂ ಬರ್ತೀನಿ ಅಂತ. ನೀನು ಬರೀತಾ ಇದ್ದೆ. ನಿನಗೆ ಬರೆಯೋದೇ ಇಷ್ಟ ಅಂದ್ಕೊಂಡೆ."

ಮುಂದಿನ ವರ್ಷ ಕರೆದುಕೊಂಡು ಹೋಗುತ್ತೇನೆಂದರು. ಮುಂದಿನ ವರ್ಷ ಬಾಷಾ ಸಾಬರಿಗೆ ಲಕ್ವ ಹೊಡೆಯಿತು, ಅದರ ಮುಂದಿನ ವರ್ಷ ಪದ್ಮಳ ಮದುವೆ. ನನಗೆ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿ, ನಾವು ಲಿಂಗರಾಜಪುರಕ್ಕೆ ಮನೆ ಬದಲಾಯಿಸಿದೆವು. ಹಬ್ಬಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಪ್ರತಿ ಸಲವೂ ಪದ್ಮಳ ಮಗುವಿನ ಫೋಟೋ ತೋರಿಸುತ್ತಿದ್ದರು. ನೋಡಿ, ಚೆನ್ನಾಗಿದೆ ಎನ್ನುತ್ತಿದ್ದೆ.

ಕೆಲವು ವರ್ಷಗಳ ನಂತರ ಒಂದು ಚಳಿಗಾಲದಲ್ಲಿ ಅವರು ಹೋದರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ಹನ್ನೊಂದನೆಯ ದಿನದ ಊಟಕ್ಕೆ ಹೋದೆ. ಜಯಮ್ಮನವರು ನನ್ನ ಕೈ ಹಿಡಿದುಕೊಂಡು ಅತ್ತರು. ಊಟವಾದ ಮೇಲೆ ಪದ್ಮ ಬಂದು ಪಕ್ಕದಲ್ಲಿ ಕೂತಳು. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು.

"ವಾಂತಿ ವಿಷಯ ಕಾಕಾಗೆ ಹೇಳಿದ್ದು ನಾನೇ" ಎಂದೆ. ಅಷ್ಟು ವರ್ಷಗಳ ಮೇಲೆ ಅದನ್ನು ಹೇಳಲು ಆ ದಿನವೇ ಯಾಕೆ ಬೇಕಾಯಿತೋ ತಿಳಿಯದು.

"ಗೊತ್ತಕ್ಕಾ. ಪಟ್ಟೀಲಿ ನಿಂಬೆಹಣ್ಣು ನೋಡ್ದಾಗ್ಲೇ ಗೊತ್ತಾಯ್ತು." ಅವಳು ನಕ್ಕಳು. "ನೀವು ಹೇಳಿದ್ದೇ ಒಳ್ಳೇದಾಯ್ತು. ಹನ್ನೆರಡೂ ಖಾಲಿ ಆದ್ವು. ದಡ ಬಿಟ್ಟಾಗಿಂದ ಶುರು ನಂದು. ವಾಪಸ್ ಹೋಗೋಣ ಅಂದ್ರೆ ಬಾಷಾ ಮಾಮ ಒಪ್ಪಲಿಲ್ಲ. ನಮ್ಮ ಮಾಮ ಗಾಳಾನೇ ಹಾಕಲಿಲ್ಲ ಅಕ್ಕಾ. ರಾಗಿ ಉಂಡೆ ಬಿಚ್ಚಲೇ ಇಲ್ಲ. ನಾಲ್ಕು ಗಂಟೆ ನನ್ನ ಹಣೆ ಹಿಡ್ಕೊಂಡು ಕೂತಿದ್ರು. ಯಾರಿಗೂ ಹೇಳ್ಬೇಡ, ನಗ್ತಾರೆ ಅಂದ್ರು."

ಇದನ್ನು ಕೇಳಿ ನನ್ನ ಎದೆ ಹಗುರಾಗಬೇಕಿತ್ತು. ಅವಳಿಗೆ ಸುಖ ಸಿಗಲಿಲ್ಲ, ಅವರಿಗೆ ಮೀನು ಸಿಗಲಿಲ್ಲ. ನನ್ನ ತಲೆಯಲ್ಲಿ ಉಳಿದದ್ದು ನಾಲ್ಕು ಗಂಟೆ ಎಂಬ ಅಂಕಿ ಮಾತ್ರ. ನಡುಸಮುದ್ರದಲ್ಲಿ, ಬದುಕಿನಲ್ಲಿ ಒಂದೇ ಒಂದು ಸಲ ಅಲ್ಲಿಗೆ ಹೋಗಿ, ದಾರ ಬಿಡದೆ, ನೀರಿನ ಕಡೆ ನೋಡದೆ, ನಾಲ್ಕು ಗಂಟೆ. ನನಗೆ ವಾಂತಿ ಬರುತ್ತಿರಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿದ್ದರೆ ಅವರು ಖಂಡಿತ ಮೀನು ಹಿಡಿಯುತ್ತಿದ್ದರು. ಹಣೆ ಮುಟ್ಟುತ್ತಿರಲಿಲ್ಲ.

ಮಗು ಎದ್ದು ಅಳತೊಡಗಿತು. ನಾನು ಎತ್ತಿಕೊಳ್ಳಲು ಕೈ ಚಾಚಿದೆ. ಅದು ತಾಯಿಯ ಕುತ್ತಿಗೆಗೆ ಬಿತ್ತು. ಬಸ್ಸು ಹಿಡಿದು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಮಲ್ಪೆಗೆ ಫೋನು ಮಾಡಿದೆ. ದಯಾನಂದರ ಪತ್ರದಿಂದ ಬರೆದಿಟ್ಟುಕೊಂಡಿದ್ದ ಹಳೆಯ ನಂಬರಿನ ಮುಂದೆ ಈಗ ಎರಡರ ಅಂಕಿಯನ್ನು ಸೇರಿಸಿಕೊಳ್ಳಬೇಕಿತ್ತು. ದಯಾನಂದರೇ ಎತ್ತಿದರು. ಅವರ ಧ್ವನಿ ಕೇಳುತ್ತಿದ್ದದ್ದು ಮೊದಲ ಸಲ. ದೋಣಿ ಇನ್ನೂ ಇದೆಯೇ ಎಂದು ಕೇಳಿದೆ.

"ಉಂಟು ಉಂಟು. ಎಷ್ಟು ಜನ ನೀವು?"

"ಒಬ್ಬಳೇ."

"ಒಬ್ರಿಗೋಸ್ಕರ ದೋಣಿ ಬಿಡ್ಲಿಕ್ಕೆ ಆಗುದಿಲ್ಲ ಮೇಡಂ. ಮೂರು ಜನ ಮಾಡ್ಕೊಂಡು ಬನ್ನಿ."

"ಮೂರೂ ಜಾಗ ನನಗೇ ಬೇಕು" ಎಂದೆ.